ವರ್ನಾಗೆ ಬಿಗಿ ಸ್ಟೀರಿಂಗೇ ಬೇಕು

ಒಹಾಯೊದ ಹಳೇ ಕಾರುಗಳ ಸಂತೆ. ಕಾರಿನ ಚಕ್ರ ತಿರುಗಿಸುವ ಸ್ಟೀರಿಂಗ್ ಬಾಕ್ಸ್ ಮಾರುವವನ ಮುಂದೆ ಸರದಿಯಲ್ಲಿ ನಿಂತಿದ್ದ ಆರ್ವಿಲ್‌ಗೆ, ಮುಂದಿದ್ದ ಇಬ್ಬರು ಮುದುಕಿಯರ ಜಗಳ ಕಿವಿಗೆ ಬಿತ್ತು. ಅಕ್ಕ ವರ್ನಾ, ತಂಗಿ ಓಪಲ್. ಕಾರು ಅಕ್ಕನದು, ಸಾವಿರದ ಒಂಬೈನೂರ ಅರವತ್ತೊಂಬತ್ತರ ಮಾಡೆಲ್ ಶೆವೆಲ್.

"ಪವರ್ ಸ್ಟೀರಿಂಗ್ ತಗೊಳ್ಳೇ ಅಕ್ಕಾ. ಒಂದು ಬೆರಳಲ್ಲಿ ತಿರುಗುತ್ತೆ."

"ಬೇಡ. ಪವರ್ ಇಲ್ದಿರೋದೇ ಬೇಕು. ಸ್ಟೀರಿಂಗ್ ಸುತ್ತು ಕಮ್ಮಿ ಇರೋದು."

"ಸುತ್ತು ಕಮ್ಮಿ ಆದಷ್ಟೂ ಬಿಗಿ, ಈಗಿರೋದಕ್ಕಿಂತ್ಲೂ ಬಿಗಿ ಅಂತ ಇವರೇ ಹೇಳಿದ್ರಲ್ಲ! ಭುಜದ ಆಪರೇಷನ್ ಆಗಿ ಇನ್ನೂ ಆರು ತಿಂಗಳಾಗಿಲ್ಲ."

"ಬಿಗಿ ಇರ್ಲಿ ಅಂತಾನೇ ತಗೊಳ್ತಿರೋದು."

"ಇದೆಂಥಾ ಹಠನೇ?"

"ಹಠ ಅಲ್ಲ, ಬೀಗ. ನಾನು ಆಸ್ಪತ್ರೇಲಿದ್ದಾಗ ನನ್ನ ಮಗ ಕಾರು ಮಾರೋಕೆ ಓಡಿಸ್ಕೊಂಡು ಹೊರಟಿದ್ನಲ್ಲ, ಎಲ್ಲಿವರೆಗೆ ಹೋದ?"

"ಮನೆ ಮುಂದಿನ ಅಂಚೆಪೆಟ್ಟಿಗೆ ಕಂಬದವರೆಗೆ."

"ಮೊದಲನೇ ತಿರುವೇ ತಿರುಗಿಸೋಕಾಗ್ಲಿಲ್ಲ ಅವನ ಕೈಲಿ."

"ನಿನ್ನ ಒಳ್ಳೇದಕ್ಕೇ ಮಾಡ್ದ ಕಣೇ."

"ನನ್ನ ಒಳ್ಳೇದು ನನಗೆ ಗೊತ್ತು."

ಮಾರುವವನು ಸ್ಟೀರಿಂಗ್ ಬಾಕ್ಸ್‌ಗೆ ಕೈ ಹಾಕಿದ. "ಕಾರಿನವರೆಗೆ ನಾನು ತಂದ್ಕೊಡ್ತೀನಮ್ಮಾ."

"ಓಡಿಸೋಳು ನಾನು. ಹೊರೋಳೂ ನಾನೇ."

ವರ್ನಾ ಅದನ್ನು ಆಪರೇಷನ್ ಆದ ಕಡೆಯ ಕಂಕುಳಿಗೇ ಏರಿಸಿಕೊಂಡು ಹೊರಟಳು. ಓಪಲ್ ಇಬ್ಬರ ಚೀಲಗಳನ್ನೂ ಹಿಡಿದು ಹಿಂದೆ ಓಡಿದಳು.

"ನಿಮಗೇನು ಸಾರ್?"

ನಲವತ್ತು ದಾಟದ ಆರ್ವಿಲ್‌ಗೆ, ತಾನು ಕೊಳ್ಳಲು ಬಂದಿದ್ದ ಪವರ್ ಸ್ಟೀರಿಂಗ್ ಕೇಳಲು ಬಾಯೇ ಬರಲಿಲ್ಲ.