ಖಾಲಿ ತೊಟ್ಟಿಗೆ ಊಟ

ಮರೆವಿನ ಕಾಯಿಲೆಯ ಡಾಕ್ಟರ ಬಾಗಿಲಲ್ಲಿ ಸರದಿಗೆ ಕಾದು ಬೇಸತ್ತಿದ್ದ ದರ್ಜಿಯ ಕಿವಿ ಪಕ್ಕದ ಬೆಂಚಿನ ಅಕ್ಕ ತಮ್ಮನ ಕಡೆ ತಾನಾಗಿ ಹೊರಳಿತು. ಅವರ ಅಪ್ಪ ಒಳಗಿದ್ದರು.

"ಡಾಕ್ಟರಿಗೆ ಏನಂತ ಹೇಳ್ದೆ ಅಕ್ಕಾ?"

"ಇದ್ದದ್ದನ್ನೇ. ಒಂದು ಮೀನೂ ಇಲ್ಲದ ಹೊಸ ತೊಟ್ಟಿಗೆ ತಿಂಗಳಿಂದ ದಿನಾ ಆಹಾರ ಹಾಕ್ತಾರೆ ಅಂತ."

"ಅಯ್ಯೋ, ಅದು ಮರೆವಲ್ಲ! ಆ ಆಹಾರ ಕೊಳೆತರೇನೇ ಫಿಲ್ಟರಿನ ಸ್ಪಂಜಲ್ಲಿ ಹೊಲಸು ಅರಗಿಸೋ ಬ್ಯಾಕ್ಟೀರಿಯಾ ಬೆಳೆಯೋದು. ಅವಿಲ್ದೆ ಮೀನು ಬಿಟ್ರೆ ತಮ್ಮ ಹೊಲಸಿಗೇ ಸಾಯ್ತವೆ. ಅಪ್ಪನೇ ಫೋನಲ್ಲಿ ಹೇಳಿದ್ರು."

"ನಂಗೆ ಹೇಳಲೇ ಇಲ್ವಲ್ಲೋ!"

"ಹೇಳಿದ್ರಂತೆ. ನೀನು ಹೂಂಗುಟ್ಕೊಂಡು ಪಾತ್ರೆ ತಿಕ್ತಿದ್ಯಂತೆ."



"ಸ್ಪಂಜು ನಾರ್ತಿತ್ತು ಕಣೋ. ಬೆಳಿಗ್ಗೆ ಸೋಪು ಹಾಕಿ ತೊಳೆದುಬಿಟ್ಟೆ."

"ಸರಿಹೋಯ್ತು. ಅಪ್ಪನ ತಿಂಗಳ ಶ್ರಮ ಹೊಳೇಲಿ ಹುಣಸೇಹಣ್ಣು ತೊಳೆದ ಹಾಗಾಯ್ತು."

ಬಾಗಿಲು ತೆರೆಯಿತು. ಅಪ್ಪ ನಗುನಗುತ್ತ ಬಂದರು.

"ತೊಟ್ಟಿ ವಿಷಯ ಎಲ್ಲಾ ಬಿಡಿಸಿ ಹೇಳ್ದೆ. ಡಾಕ್ಟರು ಒಂದಕ್ಷರ ಬಿಡದೆ ಬರ್ಕೊಂಡ್ರು. ಪಾಪ, ಅವರಿಗೂ ಮೀನು ಸಾಕೋ ಆಸೆ ಇರಬೇಕು."

ತಮ್ಮ ಅವರ ಕೈ ಹಿಡಿದು ಮೆಟ್ಟಿಲಿನತ್ತ ನಡೆಸಿದ. ಅಕ್ಕ ಮುಚ್ಚುತ್ತಿದ್ದ ಬಾಗಿಲಿಗೆ ಕೈ ಕೊಟ್ಟು ಒಳಗೆ ನುಗ್ಗಿದಳು.

ಸರದಿ ದರ್ಜಿಯದಾಗಿತ್ತು. ಅವನು ಬೇಕೆಂದೇ ಏಳಲಿಲ್ಲ.