ಎಡ ಹೆಗಲಿನ ಅಳತೆ

ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು, ಬಟ್ಟೆ ಹೊಲಿಯುವ ಅಕ್ಕ ಅಂಗಿಯೊಂದರ ಎಡ ಹೆಗಲಿನ ಹೊಲಿಗೆ ಬಿಚ್ಚುತ್ತಿದ್ದಳು. ಪಕ್ಕದಲ್ಲಿ ತಂಗಿ ಚೀಲವನ್ನು ಅವುಚಿ ಹಿಡಿದಿದ್ದಳು. ಹಿಂದಿನ ಬೆಂಚಿನ ಮುದುಕಿಗೆ ಮಾತೆಲ್ಲ ಕೇಳುತ್ತಿತ್ತು.

"ಡಾಕ್ಟರ ಕಾಗದ ಇಪ್ಪತ್ತು ದಿನದಿಂದ ನಿನ್ನ ಚೀಲದಲ್ಲೇ ಇದೆ," ಅಂದಳು ಅಕ್ಕ. "ಈ ವಾರ ಆಫೀಸಿಗೆ ಮುಟ್ಟದಿದ್ರೆ, ಕುಡಿದು ಬರ್ತಾನೆ ಅಂತ ನಿನ್ನ ಗಂಡನ್ನ ಕೆಲಸದಿಂದ ತೆಗೀತಾರೆ."

"ಕುಡೀದೇ ನಾಲಿಗೆ ತೊದಲುತ್ತಾ? ಆ ಡಾಕ್ಟರು ಇವರ ಜೊತೆ ಓದಿದೋರು. ರೋಗ ಅಂತ ಸುಳ್ಳೇ ಬರೆದುಕೊಟ್ಟಿರ್ತಾರೆ."

"ಬಾಯಿ ಮೂಸಿ ನೋಡಿದ್ಯಾ?"

"ದಿನಾ. ಬರೀ ಲವಂಗದ ವಾಸನೆ. ಅದೇ ಅನುಮಾನ."

"ನೀರು ಕುಡಿದ್ರೂ ನೆತ್ತಿಗೇರುತ್ತಲ್ಲ, ಅದು?"

"ನೆಲ್ಲಿಕಾಯಷ್ಟು ಗಡ್ಡೆ ತಲೆಬುರುಡೆಯ ತಳದಲ್ಲಿ ಕೂತು ಗಂಟಲು, ನಾಲಿಗೆ, ಹೆಗಲು ಮೂರರ ನರಾನೂ ಒತ್ತುತ್ತಂತೆ. ನನ್ನ ಕಿವಿಗೆ ಹೂವಿಡ್ತಾರೆ."

ಅಕ್ಕ ಅಳತೆ ಪುಸ್ತಕ ತೆಗೆದಳು.

"ಹೋದ ವರ್ಷ ಇವನ ಎರಡು ಹೆಗಲೂ ಸಮ ಇತ್ತು. ಈಗ ಎಡಗಡೆ ಎರಡು ಬೆರಳು ಇಳಿದಿದೆ."

"ಬೇಕಂತಲೇ ಇಳಿಸಿ ನಿಂತಿರ್ತಾರೆ."

"ನಾನೂ ಹಾಗೇ ಅಂದ್ಕೊಂಡೆ. ಅಳತೆ ಆಯ್ತು, ಹೊರಡು ಅಂದು ಕಿಟಕಿಯಿಂದ ನೋಡಿದೆ. ಬೀದಿ ತಿರುವಿನ ತನಕ ಹೆಗಲು ಏಳಲೇ ಇಲ್ಲ. ಕುಡುಕ ಎರಡೂ ಕಡೆ ವಾಲ್ತಾನೆ ಕಣೇ, ಇವನು ಒಂದೇ ಕಡೆ."

ತಂಗಿ ಚೀಲದಿಂದ ಡಾಕ್ಟರ ಕಾಗದದ ಲಕೋಟೆ ತೆಗೆದಳು.

"ಹಾಗಾದ್ರೆ ಆ ಹೆಗಲು ಇಳಿಸಿಯೇ ಹೊಲಿ."

"ಹೊಲೀತೀನಿ. ಒಳಗೆ ಬಟ್ಟೆ ಬಿಟ್ಟಿರ್ತೀನಿ. ಆಪರೇಷನ್ ಆಗಿ ಹೆಗಲು ಎದ್ರೆ ಬಿಚ್ಕೋಬಹುದು."

ತಂಗಿ ಎದ್ದು, ಅಂಚು ಸವೆದ ಲಕೋಟೆಯನ್ನು ಕಿಂಡಿಯೊಳಗೆ ಕೊಟ್ಟಳು. ಗುಮಾಸ್ತ ಮುದ್ರೆ ಒತ್ತಿ ಅದನ್ನು ಟಪಾಲು ಚೀಲಕ್ಕೆ ಹಾಕುವವರೆಗೂ ನಿಂತು ನೋಡಿ, ಅಕ್ಕನ ಹಿಂದೆ ಹೊರಟಳು.