ನೀನು ಮುಂದೆ, ನಾನು ಹಿಂದೆ

...ಅಯ್ಯೋ, ಅದನ್ನ ಹಿಡ್ಕೊಂಡು ಎಳೀಬೇಡ, ಬೆರಳು ಸಿಕ್ಕಿಕೊಳ್ಳತ್ತೆ! ಬಿಡು, ನಾನು ತೋರಿಸ್ತೀನಿ. ಮೊದಲು ಈ ಕೊಂಡಿ ಬಿಚ್ಚೋದು. ಆಮೇಲೆ ಹ್ಯಾಂಡಲ್ ಕೆಳಗೆ. ಆಮೇಲೆ ಸೀಟು... ತಡಿ, ಸೀಟು ಇಳಿಸ್ಬೇಕು... ಆಮೇಲೆ ನಡು ಮುರಿದು ಹೀಗೆ ಮಡಚೋದು. ನೋಡು! ಸೈಕಲ್ ಹೋಗಿ ಸೂಟ್‌ಕೇಸ್ ಆಯ್ತು. ಯಾಕೆ ನಗ್ತೀಯ? ಗ್ರೀಸಾ? ಎಲ್ಲಿ, ಮೂಗಿನ ಮೇಲಾ? ಇರಲಿ ಬಿಡು. ನಗು. ನೀನು ನಕ್ಕು ಎಷ್ಟು ದಿನ ಆಗಿತ್ತು.

ಕೂತ್ಕೋ, ಟೀಚರಮ್ಮ. ಕೈ ಕಟ್ಕೊಂಡು ಹಾಗೆ ನಿಂತ್ರೆ ನಾನೂ ನಿನ್ನ ಕ್ಲಾಸಿನ ಹುಡುಗನ ಥರ ತೊದಲೋಕೆ ಶುರು ಮಾಡ್ತೀನಿ. ಹಾಂ, ಆ ಕುರ್ಚಿ ಮೇಲೆ. ಎದುರಿಗೆ.

ವಿಷಯ ಇಷ್ಟೇ. ಅಂಗಡಿಯವನು ನಂಬಿಕೆ ಮೇಲೆ ಎರಡು ಸೈಕಲ್ಲೂ ಕೊಟ್ಟು ಕಳಿಸಿದ್ದಾನೆ, ಮನೇಲಿ ಓಡಿಸಿ ನೋಡಿ ಅಂತ. ನಾಳೆ ಬೆಳಿಗ್ಗೆ ಬರ್ತಾನೆ. ನೀನು ಹೂಂ ಅಂದ್ರೆ ಇವು ಇಲ್ಲೇ ಉಳೀತವೆ, ನಾವು ರಜೆಗೆ ಹೋಗ್ತೀವಿ. ಊಹೂಂ ಅಂದ್ರೆ ಎತ್ಕೊಂಡು ಹೋಗ್ತಾನೆ. ಆಮೇಲೆ ಸುತ್ತಾಟ ಎಲ್ಲ ಮುಗೀತು ಅಂತಾನೇ ಲೆಕ್ಕ. ಕಾರಂತೂ ಇಲ್ಲ. ನೀನು ಕಿಟಕಿ ಹತ್ತಿರ, ನಾನು ಟೀವಿ ಹತ್ತಿರ, ಊಟಕ್ಕೆ ಬನ್ನಿ ಅಂದಾಗ ಒಂದು ಮಾತು...

ನೋಡು, ಮತ್ತೆ ಕಾರಿಗೇ ಬಂದೆ ನೀನು! ಎಷ್ಟು ಸಲ ಹೇಳ್ಲಿ? ನಿನ್ನ ತಮ್ಮ ಕೇಳ್ದ, ಕೊಟ್ಟೆ. ನಿನ್ನ ಒಂದು ಮಾತು ಕೇಳ್ಬೇಕಿತ್ತು, ಒಪ್ಕೋತೀನಿ. ಬಾಗಿಲು ಉಜ್ಜಿತ್ತಾ? ಅವನು ಅದನ್ನೂ ಹೇಳಿದ್ನಾ? ಅದು ಆ ಮಾರ್ಕೆಟ್ ಹಿಂದೆ ಕಾರು ನಿಲ್ಲಿಸ್ತಾರಲ್ಲ, ಅಲ್ಲಿನ ಕಂಬ. ಆ ಕಂಬ ಮೊದಲು ಅಲ್ಲಿರ್ಲಿಲ್ಲ. ಯಾರೋ ತಂದು ನೆಟ್ಟಿದ್ದಾರೆ. ಯಾಕೆ ಹಾಗೆ ನೋಡ್ತೀಯ? ಜನ ಕಂಬ ನೆಡಲ್ವಾ?

ಸಾಕಾಗಿತ್ತು ಕಣೆ, ಅಷ್ಟೇ. ಜೀವಮಾನವೆಲ್ಲ ಬಸ್ಸು ಓಡಿಸಿ, ನಿನ್ನ ಸ್ಕೂಲಿಗೆ ರಜಾ ಬಂದ ತಕ್ಷಣ ಕಾರು ಓಡಿಸಿ... ಅಲ್ಲ, ಅದು ಬೇಜಾರಲ್ಲ. ಅದು ಬೇಜಾರು ಅಂತ ಯಾವತ್ತಾದ್ರೂ ಅಂದಿದ್ದೀನಾ? ವರ್ಷವೆಲ್ಲ ಸ್ಟಾಪ್ ಬಂದ ಕಡೆ ನಿಲ್ಲಿಸೋದು. ರಜೇಲಿ ಮಾತ್ರ ನೀನು ಮ್ಯಾಪ್ ಮಡಿಲಲ್ಲಿ ಹರಡ್ಕೊಂಡು "ಇಲ್ಲೇ ನಿಲ್ಲಿಸಿ" ಅಂದ ಕಡೆ ನಿಲ್ಲಿಸೋದು. ಅಲ್ಲಿ ಏನೂ ಇರ್ತಿರ್ಲಿಲ್ಲ. ಒಂದು ಹಳ್ಳ, ಒಂದು ಮರ, ಒಂದು ಮುರಿದ ಬೇಲಿ. ಇಳಿದು ನೋಡಿ, ಚೆನ್ನಾಗಿದೆ ಅಂತಿದ್ವಿ. ನಮ್ಮಿಬ್ಬರಿಗೆ ನಾವು ಅಂತ ಸಿಕ್ತಿದ್ದೇ ಆವಾಗ. ಅದು ನಿಲ್ಬಾರದು ಅಂತಾನೇ ಈ ಮಡಚೋ ಸೈಕಲ್ಲು. ರೈಲಲ್ಲಿ ಹೋಗೋದು, ಇಳಿಯೋದು, ಬಿಚ್ಚೋದು, ಹತ್ತೋದು. ಸುಸ್ತಾದ್ರೆ ಮೋಟಾರು ಇದೆ.

ಅಂಗಡೀಲಿ ಬೇರೆ ಥರದ್ದೂ ಇದ್ವು. ಒಂದಕ್ಕೆ ಚಕ್ರ ದೊಡ್ಡದು, ಗುಂಡಿ ಬಿದ್ದ ರಸ್ತೇಲೂ ಮೆತ್ತಗೆ ಹೋಗತ್ತೆ. ಆದ್ರೆ ಭಾರ! ರೈಲಿನ ಮೆಟ್ಟಿಲು ಹತ್ತಿಸೋ ಹೊತ್ತಿಗೆ ಸೈಕಲ್ ಜೊತೆ ನಮ್ಮ ಸೊಂಟವೂ ಮಡಚ್ಕೊಳ್ಳತ್ತೆ. ಅಗ್ಗದ್ದು ಇನ್ನೊಂದಿತ್ತು, ಪೆಡಲ್ ಮೇಲೆ ಕಾಲಿಟ್ಟಿದ್ದೇ ತಡ, ಕುದುರೆ ಥರ ಜಿಗೀತು. ಬೇಡವೇ ಬೇಡ ಅಂದೆ. ಇದು ಚಕ್ರ ಚಿಕ್ಕದು, ಸ್ವಲ್ಪ ಎತ್ತಿಹಾಕತ್ತೆ, ಸುಳ್ಳು ಹೇಳಲ್ಲ. ಆದ್ರೆ ನೀನು ಮೆಲ್ಲಗೆ ತುಳಿದ್ರೆ ಮೆಲ್ಲಗೆ ತಳ್ಳತ್ತೆ, ಜೋರಾಗಿ ತುಳಿದ್ರೆ ಜೋರಾಗಿ. ನಡುವೆ ಅಡ್ಡ ಕಂಬಿ ಇಲ್ಲ, ನಿನ್ನ ಮಂಡಿಗೆ ತೊಂದ್ರೆ ಇಲ್ಲ. ಸೀಟು ಇಳಿಸಿದ್ರೆ ಎರಡೂ ಕಾಲು ನೆಲಕ್ಕೆ ತಾಗತ್ತೆ. ಎರಡೂ ಒಂದೇ ಥರದ್ದು ಯಾಕೆ ತಂದೆ ಗೊತ್ತಾ? ಒಂದೇ ಚಾರ್ಜರ್ ಸಾಕು. ನಿನ್ನ ಬ್ಯಾಟರಿ ಖಾಲಿ ಆದ್ರೆ ನನ್ನದು ತೆಗೆದು ಹಾಕ್ಕೋಬಹುದು. ನಾನು ತುಳ್ಕೊಂಡು ಬರ್ತೀನಿ ಹಿಂದೆ.

ಹೂಂ, ಹಿಂದೆ. ಅದೊಂದು ಮಾತು ಮಾತ್ರ ನನ್ನದು ನಡೀಬೇಕು. ನೀನು ಮುಂದೆ, ನಾನು ಹಿಂದೆ. ಪಕ್ಕಪಕ್ಕದಲ್ಲಿ ಬೇಡ. ಯಾಕೆ ಅಂದ್ರೆ... ರಸ್ತೆ ಅಷ್ಟು ಅಗಲ ಇರಲ್ಲ. ಖಾಲಿ ರಸ್ತೆಯಾದ್ರೂ ಬೇಡ. ಮಾತಾಡೋಕೆ ಆಗಲ್ಲ ನಿಜ. ನಿಲ್ಲಿಸಿ ಮಾತಾಡೋಣ. ಆ ಹಳದಿ ಕೋಟು ನಿನಗೇ ತಂದಿದ್ದು. ಮುಖಕ್ಕೆ ಒಪ್ಪಲ್ಲ, ಗೊತ್ತು, ಆದ್ರೂ ಹಾಕ್ಕೋ. ಕನ್ನಡಿನಾ? ಅದು ನನ್ನ ಸೈಕಲ್ಲಿಗೆ ಮಾತ್ರ, ಎಡಗಡೆಗೆ. ಬಸ್ಸಿನ ಅಭ್ಯಾಸ ಮಾರಾಯ್ತಿ! ಕನ್ನಡಿ ಇಲ್ದಿದ್ರೆ ಮೈಮೇಲೆ ಬಟ್ಟೆ ಇಲ್ದೆ ಕೂತ ಹಾಗಿರತ್ತೆ.

ಏನಂದೆ? ಬೇಜಾರಾಯ್ತಾ ಅಂತನಾ, ಕಾರು ಹೋದಾಗ?

ಇಲ್ಲ.

ನಿಜವಾಗ್ಲೂ ಇಲ್ಲ. ನಿನ್ನ ತಮ್ಮ ಕೀ ಇಸ್ಕೊಂಡ. ನಾನು ಬಾಗಿಲಲ್ಲಿ ನಿಂತಿದ್ದೆ. ಕಾರು ಮೂಲೆ ತಿರುಗಿ ಹೋಯ್ತು. ಒಳಗೆ ಬಂದು ಈರುಳ್ಳಿ ಹೆಚ್ಚಿದೆ, ನೀನು ಹೆಚ್ಚಿಡಿ ಅಂದಿದ್ಯಲ್ಲ. ಅಷ್ಟೇ. ಹಲ್ಲು ಕೀಳೋಕೆ ಮುಂಚೆ ಸೂಜಿ ಚುಚ್ತಾರಲ್ಲ, ಆಗ ಕೆನ್ನೆ ಇದ್ದೂ ಇಲ್ಲದ ಹಾಗೆ ಆಗತ್ತೆ ನೋಡು, ಹಾಗಿದೆ ನನಗೆ, ಮೈಪೂರ್ತಿ. ಊಟ ಮಾಡ್ತೀನಿ, ಮಾತಾಡ್ತೀನಿ. ಖುಷಿ ಪಡಬೇಕಾದ ಕಡೆ ಖುಷಿ ಆಯ್ತು ಅಂತೀನಿ. ಈ ಸೈಕಲ್ಲು ಮನೆಗೆ ತಂದಾಗ ಮಾತ್ರ... ಆಗ್ಲೂ ಏನಿಲ್ಲ ಬಿಡು. ಆದ್ರೆ ಮುಂದೆ ಏನಾದ್ರೂ ಅನ್ನಿಸಬಹುದೇನೋ ಅಂತ ಅನ್ನಿಸ್ತು.

ಹಾಗೆ ದಿಟ್ಟಿಸಿ ನೋಡ್ಬೇಡ. ನನಗೇನೂ ಆಗಿಲ್ಲ.

ಫ್ರಿಜ್ಜಲ್ಲಿರೋ ಬಾಟಲಿಯಾ? ಬೆಣ್ಣೆ ಹಿಂದೆ ಇಟ್ಟಿದ್ದೆ, ಅದೂ ಸಿಕ್ತಾ ನಿನಗೆ! ಕಣ್ಣಿಗೆ ಹಾಕೋ ಹನಿ ಅದು. ಕಣ್ಣು ಒಣಗತ್ತೆ ಅಂತ ಕೊಟ್ಟಿದ್ದು. ವಯಸ್ಸಾಯ್ತಲ್ಲ, ಎಲ್ಲಾ ಒಣಗತ್ತೆ. ನೋಡು, ಬಾಯೂ ಒಣಗ್ತಿದೆ. ಒಂದು ಲೋಟ ನೀರು ತಂದ್ಕೊಡು, ಪುಣ್ಯ ಬರತ್ತೆ. ಅಷ್ಟರಲ್ಲಿ ಇದರ ಬ್ರೇಕ್ ಸ್ವಲ್ಪ ಬಿಗಿ ಮಾಡ್ತೀನಿ.

...ಕೇಳಿಸ್ತಿದ್ಯಾ ಅಲ್ಲಿಗೆ? ಜೋರಾಗೇ ಹೇಳ್ತೀನಿ. ಕಣ್ಣಿನ ಆಸ್ಪತ್ರೆಗೆ ನಿನಗೆ ಹೇಳ್ದೆ ಹೋಗಿದ್ದು ತಪ್ಪು. ಆದ್ರೆ ಹೇಳೋ ಅಂಥದ್ದು ಏನಿರ್ಲಿಲ್ಲ! ಡಾಕ್ಟ್ರು ಏನಂದ್ರು ಗೊತ್ತಾ? ಈ ವಯಸ್ಸಲ್ಲಿ ಇಂಥ ಕಣ್ಣು ನೋಡೇ ಇಲ್ಲ ಅಂದ್ರು. ಬೇಕಾದ್ರೆ ನಾಳೇನೇ ಬಸ್ಸು ಹತ್ತಿ ಓಡಿಸಿ ಅಂದ್ರು! ...ಕೇಳಿಸ್ತಾ? ಆ ಕಡೆಯಿಂದ ಬರಲಿ, ಈ ಕಡೆಯಿಂದ ಬರಲಿ, ಒಂದು ಸೊಳ್ಳೆ ಬಂದ್ರೂ ಕಾಣತ್ತೆ ನನಗೆ!

ಏನೇ, ನೀರು ತಾ ಅಂದ್ರೆ ಬಾವಿ ತೋಡ್ತಿದ್ದೀಯಾ? ನಲ್ಲಿ ನಿಂತು ಎಷ್ಟು ಹೊತ್ತಾಯ್ತು...

ಏಯ್. ಸಿಟ್ಟು ಬಂತಾ? ಅಲ್ಲೇ ಕೂತುಬಿಟ್ಯಾ? ಇರು, ನಾನೇ ಬರ್ತೀನಿ. ಈ ಮಂಡಿ ಒಂದು... ಎದ್ದು ಬರ್ತೀನಿ ಇರು, ಆ ಅಡುಗೆಮನೆ ಬಿಟ್ಟು...

ಓ.

ಯಾವಾಗಿಂದ ನಿಂತಿದ್ದೀಯ ಇಲ್ಲಿ?

ಲೋಟ ನನ್ನ ಕೆನ್ನೆ ಹತ್ತಿರಾನೇ ಇದೆಯಲ್ಲ. ನಾನು ಅಡುಗೆಮನೆ ಕಡೆ ಕೂಗ್ತಿದ್ದಾಗೆಲ್ಲ... ಹೀಗೇ ಕೈ ಚಾಚ್ಕೊಂಡು ನಿಂತಿದ್ಯಾ? ಸೊಳ್ಳೆ ಅಂದಾಗ್ಲೂ?

ಬೈಯೋದಿದ್ರೆ ಬೈದ್ಬಿಡು.

ಲೋಟ ಕೊಡು ಇಲ್ಲಿ. ಹಾಗಲ್ಲ, ಎದುರಿಗೆ ಬಾ. ಹಾಂ. ಈಗ ಸರಿ, ಈಗ ಕಾಣ್ತೀಯ.

ಎಡಗಣ್ಣು ಹೋಗಿದೆ. ಪೂರ್ತಿ. ಬಲಗಣ್ಣಿಗೆ ಆ ಹನಿ. ಅದನ್ನಾದ್ರೂ ಉಳಿಸ್ಕೊಳ್ಳೋಣ ಅಂದ್ರು, ಉಳಿಯತ್ತೆ ಅನ್ಲಿಲ್ಲ. ಕಾರು ಮುಟ್ಬೇಡಿ ಅಂದ್ರು. ಸೈಕಲ್ ಬಗ್ಗೆ ನಾನು ಕೇಳ್ಲೇ ಇಲ್ಲ. ಕೇಳಿದ್ರೆ ಬೇಡ ಅಂತಿದ್ರಲ್ಲ. ನೀನು ಪಕ್ಕದಲ್ಲಿ ಬಂದು, ನಾನು ನೋಡ್ದೆ ನಿನ್ನ ಮೇಲೇ... ಅದಕ್ಕೇ ಮುಂದೆ ಹೋಗು ಅಂದಿದ್ದು. ಆ ಹಳದಿ ಕೋಟಿನ ಹಿಂದೇನೇ ಬಂದ್ಬಿಟ್ರೆ ಸಾಕು ಅಂದ್ಕೊಂಡಿದ್ದೆ. ಒಂದು ವರ್ಷ, ಎರಡು ವರ್ಷ, ಆದಷ್ಟು. ಆಗಲ್ಲ ಅನ್ನಿಸಿದ ದಿನ ಮಂಡಿನೋವು ಅಂತ ಏನಾದ್ರೂ ಹೇಳಿ, ಮಡಚಿ, ಬಸ್ಸಿಗೆ ಹಾಕ್ಕೊಂಡು ಮನೆಗೆ ಬಂದ್ಬಿಡೋದು. ನಿನಗೆ ಗೊತ್ತೇ ಆಗಬಾರದಿತ್ತು.

ನಿನಗೆ ಹೇಗೆ ಹೇಳೋದು ಅದನ್ನ. ನನಗೇ ಗೊತ್ತಾಗಿರ್ಲಿಲ್ಲ ಕಣೆ. ಅಲ್ಲಿ ಒಂದು ಡಬ್ಬಿಯೊಳಗೆ ಮುಖ ಇಟ್ಟು ಕೂರಿಸ್ತಾರೆ, ಒಂದು ಕಣ್ಣು ಮುಚ್ಚಿ. ಕೈಗೆ ಒಂದು ಗುಂಡಿ ಕೊಡ್ತಾರೆ. ಒಳಗೆ ಬೆಳಕಿನ ಚುಕ್ಕೆ ಬರತ್ತೆ, ಕಂಡಾಗೆಲ್ಲ ಗುಂಡಿ ಒತ್ತಬೇಕು. ಬಲಗಣ್ಣಿಗೆ ಚೆನ್ನಾಗಿ ಒತ್ತಿದೆ, ಟಕಟಕ ಅಂತ. ಎಡಗಣ್ಣಿಗೆ ಬಂದಾಗ ಇನ್ನೂ ಶುರು ಮಾಡಿಲ್ಲ ಅಂತ ಸುಮ್ಮನೆ ಕಾಯ್ತಾ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಆ ಹುಡುಗಿ ಬಂದು ಭುಜ ಮುಟ್ಟಿದ್ಲು, ನಿದ್ದೆ ಬಂತಾ ಸಾರ್ ಅಂತ ಕೇಳಿದ್ಲು. ಇಲ್ಲಮ್ಮ, ಎಚ್ಚರವಾಗೇ ಇದ್ದೀನಿ, ಚುಕ್ಕೆ ಇನ್ನೂ ಬಂದಿಲ್ಲ ಅಂದೆ.

ಎಲ್ಲಾ ಬಂದು ಹೋಗಿದ್ವಂತೆ.